ಫೋಟೋದಲ್ಲಿ ಇಲ್ಲದವಳು

"ಆಂಟಿ, ಮೊಬೈಲ್ ನಂಗೆ ಕೊಡಿ. ನೀವು ಹೋಗಿ ನಿಂತ್ಕೊಳ್ಳಿ, ಫೋಟೋ ನಾನು ತೆಗೀತೀನಿ," ಎಂದು ಹುಡುಗಿಯೊಬ್ಬಳು ಕೈ ಚಾಚಿದಾಗ ಟೀಚರಮ್ಮನ ಎದೆ ಧಸಕ್ಕೆಂದಿತು. ಚರ್ಚಿನ ಹೆಣ್ಣುಮಕ್ಕಳ ಶಿಬಿರ ಆಗಷ್ಟೇ ಮುಗಿದಿತ್ತು. ಹುಡುಗಿಯರೆಲ್ಲ ಸಭಾಂಗಣದ ಮೆಟ್ಟಿಲ ಮೇಲೆ ಗ್ರೂಪ್ ಫೋಟೋಗೆ ನಿಂತು, ಕೂದಲು ಸರಿಮಾಡಿಕೊಳ್ಳುತ್ತ, ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಫೋಟೋ ತೆಗೆಯುವುದು ಪ್ರತಿ ವರ್ಷವೂ ಟೀಚರಮ್ಮನ ಕೆಲಸ. ಅದನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ನೋಡಿದವರು ಆಹಾ, ಎಂಥ ಸೇವಾ ಮನೋಭಾವ ಎನ್ನುತ್ತಿದ್ದರು. ಸೇವೆಯೂ ಇಲ್ಲ, ಮಣ್ಣೂ ಇಲ್ಲ. ತೆಗೆಯುವವರು ಫೋಟೋದಲ್ಲಿ ಬೀಳುವುದಿಲ್ಲ, ಅಷ್ಟೇ.

ಟೀಚರಮ್ಮನಿಗೆ ಗದ್ದದ ಕೆಳಗೆ ಇನ್ನೊಂದು ಗದ್ದವಿತ್ತು, ಅದರ ಕೆಳಗೆ ಮತ್ತೊಂದಕ್ಕೆ ತಯಾರಿ ನಡೆದಿತ್ತು. ಬಟ್ಟೆ ಅಂಗಡಿಗೆ ಹೋದರೆ ಹುಡುಗರು ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಸೈಜು ಒಳಗಿದೆ ಮೇಡಂ," ಎಂದು ಗೋಡೌನಿನ ಕಡೆ ಕೈ ತೋರಿಸುತ್ತಿದ್ದರು. ಇಂಥವಳು ಶಿಬಿರದುದ್ದಕ್ಕೂ ಗಂಟಲು ಹರಿದುಕೊಂಡು ಹೇಳಿಕೊಟ್ಟಿದ್ದಾದರೂ ಏನು? "ಎದೆ ಮೇಲೆ ಕೈಯಿಟ್ಟು ಜೋರಾಗಿ ಹೇಳಿ ಮಕ್ಕಳೇ, ನಾನು ದೇವರ ಕೈಕೆಲಸ!" ಮಕ್ಕಳು ಸೂರು ಹಾರಿಹೋಗುವಂತೆ ಹೇಳಿದ್ದರು. ಟೀಚರಮ್ಮನೂ ಕೈ ಇಟ್ಟುಕೊಂಡಿದ್ದಳು, ತುಟಿಯನ್ನಷ್ಟೇ ಆಡಿಸಿದ್ದಳು.

"ಶಿಬಿರಕ್ಕೆ ಬಂದವಳು ನೀನು, ಫೋಟೋದಲ್ಲಿ ಇರ್ಬೇಕಾದವಳೂ ನೀನೇ. ಹೋಗಮ್ಮ," ಎಂದಳು ಟೀಚರಮ್ಮ.

"ನಂಗೆ ಫೋಟೋ ಅಂದ್ರೆ ಆಗಲ್ಲ ಆಂಟಿ." ಹುಡುಗಿ ಅಂಗೈಯಿಂದ ಕೆನ್ನೆ ಮುಚ್ಚಿಕೊಂಡಳು. ಮೊಡವೆ ಹಣೆಯಿಂದ ಕುತ್ತಿಗೆಯವರೆಗೆ ಇಳಿದಿತ್ತು, ಕೈ ಎಲ್ಲಿಗೆ ಅಂತ ಸಾಕಾದೀತು ಪಾಪ.

"ನೀನು ಯಾರ ಕೈಕೆಲಸ ಹೇಳು?"

"ದೇವರದ್ದೇ. ಆದ್ರೆ ನನ್ನ ಮುಖ ಮಾಡುವಾಗ ಅವನಿಗೆ ಕೈ ನಡುಗಿರ್ಬೇಕು."

ಟೀಚರಮ್ಮನಿಗೆ ನಗು ಬಂತು. ಆದರೂ ಮೊಬೈಲನ್ನು ಕೈಗೆ ಸಿಗದಂತೆ ಮೇಲೆತ್ತಿ ಹಿಡಿದಳು. ಹುಡುಗಿ ಎಗರಿದಳು. ದೇವರ ಕೈಕೆಲಸಗಳೆರಡೂ ಹೀಗೆ ಅಂಗಳದಲ್ಲಿ ಕಿತ್ತಾಡುತ್ತಿರುವಾಗ ಶಿಬಿರದ ಅಡುಗೆಯವನು ಸೌಟು ಹಿಡಿದೇ ಹೊರಗೆ ಬಂದು, "ಇಲ್ಲಿ ಕೊಡಿ, ನಾನು ಒತ್ತೀನಿ. ಇಬ್ರೂ ಹೋಗಿ ನಿಂತ್ಕೊಳ್ಳಿ," ಎಂದು ಮೊಬೈಲ್ ಕಸಿದುಕೊಂಡ. ಪಂಚಾಯ್ತಿ ಮುಗಿಯಿತು.

ಇಬ್ಬರೂ ಹಿಂದಿನ ಸಾಲಿಗೆ ದೌಡಾಯಿಸಿದರು. ಅಲ್ಲೂ ಒಬ್ಬರ ಹಿಂದೆ ಇನ್ನೊಬ್ಬರು ಅಡಗುವ ಸ್ಪರ್ಧೆ. ನೀನು ಮುಂದೆ, ನೀವು ಮುಂದೆ ಎನ್ನುತ್ತ ಹಿಂದೆ ಹಿಂದೆ ಸರಿದು, ತೆರೆದಿದ್ದ ಬಾಗಿಲಿನಿಂದ ಸಭಾಂಗಣದ ಒಳಕ್ಕೇ ಬಂದುಬಿಟ್ಟಿದ್ದರು. ಗೋಡೆಯ ತುಂಬ ಹಳೆಯ ಶಿಬಿರಗಳ ಫೋಟೋಗಳಿದ್ದವು.

"ಇವನ್ನೆಲ್ಲ ನೋಡ್ದೆ ಆಂಟಿ. ನೀವು ಒಂದ್ರಲ್ಲೂ ಇಲ್ಲ," ಎಂದಳು ಹುಡುಗಿ.

"ತೆಗೆದವಳು ನಾನಲ್ವೇನೇ?"

"ಗೊತ್ತಾಯ್ತು. ನಾನೂ ಹಾಗೇ ಮಾಡೋದು. ನಮ್ಮಕ್ಕನ ಮದುವೇಲಿ ಪೂರ್ತಿ ನಾನೇ ತೆಗೆದೆ. ಆಲ್ಬಮ್ ಬಂದ್ಮೇಲೆ ಅಮ್ಮ ಕೇಳಿದ್ರು, ನೀನೆಲ್ಲೇ ಅಂತ." ಹುಡುಗಿ ದನಿ ತಗ್ಗಿಸಿ ಕೇಳಿದಳು, "ನಿಮ್ಮಷ್ಟು ದೊಡ್ಡೋರಾದ್ಮೇಲೂ ಈ ಸಂಕೋಚ ಹೋಗಲ್ವಾ ಆಂಟಿ?"

ಬೈಬಲ್ ವಚನಗಳು ಟೀಚರಮ್ಮನ ನಾಲಿಗೆಯ ತುದಿಯಲ್ಲೇ ಇದ್ದವು. ಹೋಗುತ್ತೆ ಕಂದಾ ಎಂದು ತಲೆ ಸವರಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಗೋಡೆಯ ತುಂಬ ಸಾಕ್ಷಿ ನೇತುಹಾಕಿಕೊಂಡು ಸುಳ್ಳು ಹೇಳುವುದು ಹೇಗೆ? ಹೋಗಲ್ಲ ಎಂದರೆ ಈ ಮಗು ಅದನ್ನೇ ಮನೆಗೆ ಹೊತ್ತುಕೊಂಡು ಹೋಗುತ್ತದೆ. ಟೀಚರಮ್ಮನಿಗೆ ಅಳು ಬಂತು, ನಾಚಿಕೆಯೂ ಆಯಿತು.

"ನಂದಿನ್ನೂ ಹೋಗಿಲ್ಲ ಕಣೇ," ಎಂದಳು ಕೊನೆಗೆ. "ನಿಮಗೆಲ್ಲ ಹೇಳಿದ್ದು ಸುಳ್ಳಲ್ಲ. ನಂಗೊಬ್ಬಳಿಗೆ ಅದು ಲಾಗೂ ಆಗಲ್ಲ ಅಂದ್ಕೊಂಡಿದ್ದೆ. ದೇವರಿಗಿಂತ ನಂಗೇ ಜಾಸ್ತಿ ಗೊತ್ತಿರೋ ಹಾಗೆ! ಇದನ್ನ ನಂಬೋಕೆ ನೀನು ನನ್ನ ಥರ ಇಷ್ಟು ವರ್ಷ ಕಾಯ್ಬೇಡ."

ಹೇಳಿದ ಮೇಲೆ ನಿಂತಲ್ಲಿ ನಿಲ್ಲುವಂತಿರಲಿಲ್ಲ. ಟೀಚರಮ್ಮ ಉಸಿರು ಬಿಗಿಹಿಡಿದು ಹೊರಗೆ ಬಂದಳು, ಹುಡುಗಿಯರ ನಡುವೆ ದಾರಿ ಮಾಡಿಕೊಂಡು ಇಳಿದಳು, ಎಲ್ಲರಿಗಿಂತ ಮುಂದಿನ ಮೆಟ್ಟಿಲ ಮೇಲೆ ನಟ್ಟನಡುವೆ ಧೊಪ್ಪೆಂದು ಕುಳಿತಳು. ಹುಡುಗಿ ಬಾಗಿಲಲ್ಲೇ ಉಳಿದಳು.

ಅಡುಗೆಯವನು ಮೊಬೈಲನ್ನು ಅಡ್ಡ ಹಿಡಿದ, ಉದ್ದ ಹಿಡಿದ, ತಲೆ ಕೆರೆದುಕೊಂಡ. "ಟೀಚರಮ್ಮಾ, ನೀವು ಸ್ವಲ್ಪ ಹಿಂದೆ ಹೋಗ್ತೀರಾ? ಫೋಟೋ ತುಂಬ ನೀವೇ ಆಗಿದೀರಿ."

ಮೆಟ್ಟಿಲುಗಳೆಲ್ಲ ಗೊಳ್ಳೆಂದವು. ಟೀಚರಮ್ಮನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಯಾವ ಮಾತಿಗೆ ಹೆದರಿ ಮೊಬೈಲಿನ ಹಿಂದೆ ಅಡಗಿದ್ದಳೋ ಅದೇ ಮಾತು. ಹೌದಪ್ಪಾ, ನನಗಿದು ಬೇಕಿತ್ತಾ ಎಂದುಕೊಂಡು ಮಂಡಿಯ ಮೇಲೆ ಕೈಯೂರಿ ಏಳತೊಡಗಿದಳು.

ಯಾರೋ ದಡದಡನೆ ಮೆಟ್ಟಿಲಿಳಿದು ಬಂದು ಅವಳ ತೋಳು ಹಿಡಿದು ಕೂರಿಸಿ, ಪಕ್ಕದಲ್ಲೇ ಒತ್ತಿಕೊಂಡು ಕುಳಿತರು. ನೋಡಿದರೆ ಆ ಹುಡುಗಿ. ಎರಡೂ ಕೈಯಿಂದ ಟೀಚರಮ್ಮನನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು, ಕೆನ್ನೆ ಮುಚ್ಚಲು ಕೈಯೇ ಉಳಿದಿರಲಿಲ್ಲ.

"ಇವರು ಎಲ್ಲೂ ಹೋಗಲ್ಲ ಅಂಕಲ್," ಎಂದಳು ಎಲ್ಲರಿಗೂ ಕೇಳುವಂತೆ. "ನೀವೇ ಸ್ವಲ್ಪ ಹಿಂದೆ ಹೋಗಿ."