ತೊಳೆಯುವ ರಗಳೆ

ಬೇಸಿಗೆ ಬಂತೆಂದರೆ ಎರಡು ದಿನ ಕೆರೆ ದಂಡೆಯಲ್ಲಿ ಟೆಂಟ್ ಹಾಕುವುದು ನಾಲ್ವರು ಗೆಳೆಯರ ಎಂಟು ವರ್ಷದ ರೂಢಿ. ಅಡುಗೆ ಸಾಮಾನು, ಪೇಪರ್ ತಟ್ಟೆ, ಪೇಪರ್ ಲೋಟ ತರುವುದು ಶ್ರೀವತ್ಸನ ಪಾಲು. "ತೊಳೆಯೋ ರಗಳೆ ಇರಲ್ಲ ನೋಡಿ, ತಿಂದು ಬಿಸಾಕೋದು," ಎನ್ನುತ್ತಿದ್ದ.

ಮುನಿರಾಜುವಿಗೆ ಆ ಎರಡು ದಿನವೆಂದರೆ ಹಬ್ಬ. ಊರ ಹೋಟೆಲಿನ ಹಿಂದೆ ನಿಂತು ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದು ಬೆಳೆದ ಅಪ್ಪನಿಗೆ ಅವನು ಪ್ರತಿ ಸಲವೂ ಹೇಳುತ್ತಿದ್ದ: "ಕಾಲ ಬದಲಾಗೈತಪ್ಪ. ನಾವು ನಾಲ್ಕು ಜನಾನೂ ಒಂದೇ ಟೆಂಟಲ್ಲಿ ಮಲಗ್ತೀವಿ, ಒಂದೇ ಥರದ ತಟ್ಟೇಲಿ ಉಣ್ತೀವಿ." ಅಪ್ಪ ಇನ್ನೊಂದು ಬೀಡಿ ಹಚ್ಚುತ್ತಿದ್ದ.

ಈ ವರ್ಷ ರಜೆ ಸಿಗದೆ, ಬರುವುದಿಲ್ಲ ಎಂದು ಗೆಳೆಯರಿಗೆ ತಿಳಿಸಿಬಿಟ್ಟಿದ್ದ. ಕೊನೇ ಗಳಿಗೆಯಲ್ಲಿ ರಜೆ ಸಿಕ್ಕಿತು. ಯಾರಿಗೂ ಹೇಳದೆ, ಒಂದು ಚೀಲ ಬಾದಾಮಿ ಮಾವಿನಹಣ್ಣು ಹೊತ್ತು, ಮಟಮಟ ಮಧ್ಯಾಹ್ನ ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದ.

ಮೂವರೂ ಹೊಂಗೆ ಮರದಡಿ ಊಟಕ್ಕೆ ಕೂತಿದ್ದರು. ಎದುರಿಗೆ ಫಳಫಳಿಸುವ ಸ್ಟೀಲ್ ತಟ್ಟೆಗಳು. ಅಂಚಿನಲ್ಲಿ ಶ್ರೀವತ್ಸನ ಅಮ್ಮನ ಹೆಸರು ಕೊರೆದಿತ್ತು.

"ಅರೆ, ಬಾರೋ ಬಾರೋ," ಎಂದು ಮೂವರೂ ಎದ್ದು ತಬ್ಬಿಕೊಂಡರು.

"ಏನೋ ವತ್ಸ, ತೊಳೆಯೋ ರಗಳೆ ಅಂತಿದ್ದೆ, ಈ ಸಲ ಸ್ಟೀಲು?" ನಗುತ್ತಲೇ ಕೇಳಿದ ಮುನಿರಾಜು, ಅನ್ನದ ಪಾತ್ರೆಯ ಪಕ್ಕ ಮಗುಚಿಟ್ಟಿದ್ದ ಇನ್ನೊಂದು ತಟ್ಟೆಗೆ ಕೈ ಚಾಚಿದ.

ಶ್ರೀವತ್ಸ ಆ ತಟ್ಟೆಯನ್ನು ಮೆಲ್ಲಗೆ ತನ್ನತ್ತ ಸರಿಸಿಕೊಂಡ.

"ನೀನು ಬರಲ್ಲ ಅಂದಿದ್ಯಲ್ಲೋ, ಅದಕ್ಕೇ ಪೇಪರ್ ತಟ್ಟೆ ತರಲಿಲ್ಲ."