ಭಾವನ ಹಗ್ಗ

ಶವಪೆಟ್ಟಿಗೆಯನ್ನು ಗುಂಡಿಗಿಳಿಸಲು ಸೈನಿಕರು ಹಗ್ಗಕ್ಕೆ ಕೈಹಾಕುತ್ತಿದ್ದಂತೆ ಮಾರ ಅಡ್ಡ ಬಂದ. “ಸಾರೇ, ತಲೆ ಕಡೆ ಹಗ್ಗ ನನ್ಗೆ ಕೊಡಿ. ವಾಸು ಭಾವನ ಹಗ್ಗ ಯಾವತ್ತೂ ನಾನೇ ಹಿಡಿಯೋದು.”

ಯುದ್ಧದಲ್ಲಿ ಸತ್ತ ವಾಸು, ಮಾರನ ತಂಗಿ ಸುನಿತಳ ಗಂಡ. ಮುತ್ತಂಗ ಕಾಡಿನ ಈ ಹಾಡಿಯಲ್ಲಿ ಜೇನಿಗೆಂದು ಬಂಡೆಯಿಂದ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ತಂಗಿಯ ಬದುಕು ತೂಗುತ್ತಿರುವಾಗ ಯಾವ ಅಣ್ಣನೂ ಕೈ ಸಡಿಲಿಸುವುದಿಲ್ಲ. ಕೆಳಗೆ ಕಾಲೂರಿದವನು ಎರಡು ಸಲ ಜಗ್ಗಿದ ಮೇಲೆಯೇ ಹಗ್ಗ ಬಿಡುವುದು.

ಕೊಡಗಿನ ಹವಾಲ್ದಾರ್ ಪೊನ್ನಪ್ಪ ತನ್ನ ಕೈಯಲ್ಲಿದ್ದ ಹಗ್ಗವನ್ನು ಮಾರನಿಗೆ ಕೊಟ್ಟ. “ಗಾಯಗೊಂಡ ನಮ್ಮ ಐದು ಜನರನ್ನ ಬಂಡೆಯಿಂದ ಇಳಿಸಿದ್ದು ವಾಸುನೇ. ಮೂರನೆಯವನು ಇಳಿಯುವಾಗ ಮೇಲೆ ಹಗ್ಗ ಹಿಡಿದಿದ್ದ ವಾಸುಗೇ ಗುಂಡು ಬಿತ್ತು. ಕೊನೆಗೆ ಇಳಿದವನು ನಾನು. ‘ಕೆಳಗೆ ಮುಟ್ಟಿದ ಮೇಲೆ ಎರಡು ಸಲ ಜಗ್ಗಿ ಸಾರ್’ ಅಂದಿದ್ದ. ನಾನು ಜಗ್ಗೋ ತನಕ ಹಗ್ಗ ಒಂದಿಷ್ಟೂ ಸಡಿಲ ಆಗ್ಲಿಲ್ಲ.”

ಮಾರ ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ಹಾಕಿಕೊಂಡು, ಬಂಡೆಯ ಅಂಚಿನಲ್ಲಿ ನಿಲ್ಲುವಂತೆ ಹಿಮ್ಮಡಿಯೂರಿ, ಗೇಣು ಗೇಣಾಗಿ ಇಳಿಸಿದ. ಪೆಟ್ಟಿಗೆ ನೆಲ ಮುಟ್ಟಿತು. ಸೈನಿಕರೆಲ್ಲ ಹಗ್ಗ ಬಿಟ್ಟರು. ಮಾರ ಬಿಡಲಿಲ್ಲ.

“ಮುಟ್ಟಿತು ಅಣ್ಣ, ಬಿಡಿ,” ಎಂದ ಪೊನ್ನಪ್ಪ. ಮಾರನ ಮುಷ್ಟಿ ಬಿಗಿಯಾಗಿಯೇ ಇತ್ತು. ಅವನ ಕಣ್ಣು ಹಗ್ಗದ ಮೇಲಿತ್ತು.

ಆಗ ಸುನಿತ ಗುಂಡಿಯ ಅಂಚಿಗೆ ಬಂದು ಮಂಡಿಯೂರಿದಳು. ಬಗ್ಗಿ, ಕೈಗೆಟುಕಿದಷ್ಟು ಕೆಳಗೆ ಹಗ್ಗವನ್ನು ಹಿಡಿದು, ಎರಡು ಸಲ ಜಗ್ಗಿದಳು.

ಮಾರ ಕೈಬಿಟ್ಟ.