ಅತ್ತೆ ಒಪ್ಪಿದ ಬೆಲೆ

ಅಂಗಡಿಯ ದೊಡ್ಡ ಟಿವಿಯ ಮುಂದೆ ನಿಂತ ಸೊಸೆಯ ಕಣ್ಣು ಅರಳಿತ್ತು. ಅತ್ತೆ ಮಾತ್ರ ಬಾಗಿಲ ಕಡೆಗೇ ಮುಖ ಮಾಡಿ ನಿಂತಿದ್ದರು.

"ಮನೇಲಿರೋದಕ್ಕೆ ಏನಾಗಿದೆ? ತಲೆ ಮೇಲೆ ಎರಡು ತಟ್ಟಿದ್ರೆ ಚಿತ್ರ ಬರುತ್ತೆ. ನಡಿ, ನಡಿ!"

"ಅತ್ತೆ, ಇದೊಂದ್ಸಲ..." ಸೊಸೆ ಸೆರಗನ್ನು ಕಣ್ಣಿಗೊತ್ತಿಕೊಂಡಳು.

ಸೇಲ್ಸ್‌ಮನ್‌ನ ಕರುಳು ಚುರುಕ್ಕೆಂದಿತು. ಅವನ ಮನೆಯಲ್ಲೂ ಒಬ್ಬ ಅತ್ತೆ, ಒಬ್ಬ ಸೊಸೆ ಇದ್ದರು, ನಡುವೆ ಅವನಿದ್ದ.

"ಅಮ್ಮಾ, ನಿಮಗೋಸ್ಕರ ಎರಡು ಸಾವಿರ ಕಡಿಮೆ ಮಾಡ್ತೀನಿ."

"ಪುಕ್ಕಟೆ ಕೊಟ್ರೂ ಬೇಡ."

ಸೊಸೆ ಬಿಕ್ಕಿದಳು. ಅವನು ಮಾಲೀಕರ ಕೈಕಾಲು ಹಿಡಿದು ಇನ್ನೂ ಮೂರು ಸಾವಿರ ಇಳಿಸಿದ. ಗೋಡೆಗೆ ಹಾಕುವ ಸ್ಟ್ಯಾಂಡನ್ನೂ ಬಿಟ್ಟಿಯಾಗಿ ಸೇರಿಸಿದ. ಆಮೇಲೂ ಅತ್ತೆ ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟುಕೊಂಡೇ ಯೋಚಿಸಿದರು.

"ಹೋಗ್ಲಿ, ನಿನ್ನ ಮುಖ ನೋಡಿ ಒಪ್ಕೊಂಡೆ ಕಣಪ್ಪ."

ಒಂದು ಸಂಸಾರ ಉಳಿಸಿದ ಹೆಮ್ಮೆಯಲ್ಲಿ ಟಿವಿಯ ಡಬ್ಬವನ್ನು ಅವನೇ ಹೊತ್ತು ತಂದು ಆಟೋದಲ್ಲಿಟ್ಟ. ಅವನು ತಿರುಗಿ ಮೆಟ್ಟಿಲು ಹತ್ತುತ್ತಿದ್ದಾಗ ಆಟೋದೊಳಗಿಂದ ಅತ್ತೆಯ ದನಿ ಕೇಳಿಸಿತು:

"ಬರೋ ವಾರ ನನ್ನ ಸೊಸೆ ಫ್ರಿಜ್ ತಗೋಬೇಕಂತೆ. ನಿಮ್ಮತ್ತೇನ ಅವಳ ಜೊತೆ ಕಳಿಸಮ್ಮ."